ಮೂರು ಕ್ಯಾನ್ ಸೀಮೆಎಣ್ಣೆ

ನಮ್ಮ ಟ್ಯಾಂಕರಿನ ಹೊಟ್ಟೆ ತುಂಬ ಸೀಮೆಎಣ್ಣೆ ಇತ್ತು. ಅದರಲ್ಲಿ ಒಂದು ಹನಿಯೂ ಕುಮಗಾಯಿಯದಲ್ಲ. ಅವನದೆಂದು ಇದ್ದದ್ದು ಕ್ಯಾಬಿನ್ನಿನಲ್ಲಿ, ನಮ್ಮ ಸೀಟುಗಳ ಹಿಂದೆ ಹಗ್ಗ ಹಾಕಿ ಬಿಗಿದಿದ್ದ ಮೂರು ಕೆಂಪು ಕ್ಯಾನು ಮಾತ್ರ. ಅದು ಅವನ ಹೆಂಡತಿ ತೊಮೊಯೆಯನ್ನು ಸುಡುವುದಕ್ಕೆ.

ಭೂಕಂಪದ ಬೆನ್ನಿಗೇ ಸಮುದ್ರ ಊರೊಳಗೆ ನುಗ್ಗಿದ ಆ ಮಾರ್ಚ್ ತಿಂಗಳ ಮಾತು ಇದು. ಅವತ್ತು ನಾವಿಬ್ಬರೂ ಬೆಟ್ಟಸಾಲಿನ ಆಚೆ, ಪಶ್ಚಿಮ ಕರಾವಳಿಯ ಡಿಪೋದಲ್ಲಿ ಲೋಡ್ ಮಾಡಿಕೊಳ್ಳುತ್ತಿದ್ದೆವು. ಅದಕ್ಕೇ ಬದುಕಿದೆವು. ತೊಮೊಯೆ ಪೂರ್ವ ಕರಾವಳಿಯ ಊರು ಕಮಿಹಾಮದ ಮೀನು ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದಳು, ಅಲೆಯ ಬಾಯಿಗೇ ಕೂತ ಹಾಗೆ. ವಾರ ಕಳೆದ ಮೇಲೆ ಸೈನಿಕರಿಗೆ ಅವಳು ಸಿಕ್ಕಿದಳು. ಊರಿನ ಶಾಲೆಯ ಆಟದ ಹಾಲ್‌ನಲ್ಲಿ, ಸಿಕ್ಕವರನ್ನೆಲ್ಲ ಸಾಲಾಗಿ ಮಲಗಿಸಿದ್ದ ಕಡೆ, ಅವಳನ್ನೂ ತಂದು ಮಲಗಿಸಿದರು.

ಅಷ್ಟೂ ಜನರನ್ನು ಸುಡಲು ಊರಿನ ಚಿತಾಗಾರದಲ್ಲಿ ಎಣ್ಣೆ ಇರಲಿಲ್ಲ. ನಗರಸಭೆಯವರು ಜನರೇಟರ್ ಏನೋ ತಂದಿಟ್ಟಿದ್ದರು, ಆದರೆ ಒಲೆ ಉರಿಯುವುದು ಸೀಮೆಎಣ್ಣೆಯಿಂದ, ಅದು ಎಲ್ಲೂ ಇಲ್ಲ. ಸದ್ಯಕ್ಕೆ ಮಣ್ಣು ಮಾಡೋಣ, ಒಂದೆರಡು ವರ್ಷ ಬಿಟ್ಟು ತೆಗೆದು ಸುಡೋಣ ಎಂದು ಅವರು ತೀರ್ಮಾನ ಮಾಡಿದರು. ಕೇಳಿದ ಜನ ತಲೆ ತಗ್ಗಿಸಿದರು. ಮಣ್ಣು ಮಾಡುವುದು ನಮ್ಮಲ್ಲಿ ನಾಯಿಗೆ, ಬೆಕ್ಕಿಗೆ. ಹೆಂಡತಿಯನ್ನು ಹಾಗೆ ಒದ್ದೆ ಮಣ್ಣಿನಲ್ಲಿ ಬಿಟ್ಟು ಬರುವುದು ಎಂದರೆ ಯಾರಿಗೆ ತಾನೇ ಅನ್ನ ಇಳಿಯುತ್ತದೆ?

ಕುಮಗಾಯಿ ಮೊದಲ ಸಲ ಅವಳನ್ನು ನೋಡಲು ಹೋದಾಗ ನಾನು ಹಾಲಿನ ಬಾಗಿಲಲ್ಲೇ ನಿಂತಿದ್ದೆ. ಅವನು ಅವಳ ಪಕ್ಕ ಮಂಡಿಯೂರಿ ಕೂತ. ಅತ್ತನೋ ಇಲ್ಲವೋ ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಏಳುವಾಗ ಹೇಳಿದ ಮಾತು ಮಾತ್ರ ಕೇಳಿಸಿತು.

"ಎಣ್ಣೆ ತರ್ತೀನಿ. ಅಲ್ಲೀವರೆಗೂ ಇರು."

ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಟಿಕೆಟ್ ತರಲು ಹೋಗುವವನ ಹಾಗೆ ಹೇಳಿದ. ಅಲ್ಲಿಂದ ಸೀದಾ ಟ್ಯಾಂಕರ್ ಹತ್ತಿದೆವು. ಆಗ ರಸ್ತೆಗಳು ಒಡೆದುಹೋಗಿದ್ದರಿಂದ ಒಂದು ಗಾಡಿಗೆ ಇಬ್ಬರು ಡ್ರೈವರ್‌ಗಳನ್ನು ಹಾಕುತ್ತಿದ್ದರು. ಬೆಟ್ಟ ದಾಟಿ ಡಿಪೋ ಸೇರಿದೆವು.

ಡಿಪೋದಲ್ಲಿ ವಿಷಯ ಹೇಳಿದವನು ನಾನೇ. ಅವನು ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ಆಗ ನಮ್ಮ ಕಡೆಯೂ ಸೀಮೆಎಣ್ಣೆಗೆ ಹಾಹಾಕಾರ, ಹೊರಗೆ ಹಿಮ ಬೀಳುತ್ತಿತ್ತು, ಮನೆಮನೆಯಲ್ಲೂ ಸ್ಟೋವ್ ಆರಿತ್ತು. ಎಣ್ಣೆ ಸಾಗಿಸುವವರ ಮನೆಯಲ್ಲೂ ಎಣ್ಣೆ ಇಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ, ಆದರೆ ಅದೇ ಸತ್ಯ. ಆದರೂ ಮಾರನೆಯ ದಿನ ಡ್ರೈವರ್‌ಗಳೆಲ್ಲ ತಮ್ಮ ತಮ್ಮ ಸ್ಟೋವಿನ ತಳದಲ್ಲಿದ್ದದ್ದನ್ನು ಬಸಿದುಕೊಂಡು ಬಂದರು. ನನ್ನ ಅತ್ತೆ ಮೂರು ಕೋಟು ಹಾಕಿಕೊಂಡು ಕೂತಿದ್ದಳು. ನಾನು ಸ್ಟೋವ್ ಬಗ್ಗಿಸಿದಾಗ, "ನಾನು ಸತ್ತಾಗ ನನಗೂ ಒಂದಿಷ್ಟು ಕೂಡಿಸಿ ಇಡಿ, ಅಳಿಯಂದಿರೇ" ಎಂದಳು. ತಮಾಷೆಗೇ ಹೇಳಿದ್ದು, ಆದರೆ ಹಲ್ಲು ಕಟಕಟ ಎನ್ನುತ್ತಿತ್ತು.

ಹೀಗೆ ಮೂರು ಕ್ಯಾನ್ ತುಂಬಿತು. ಕ್ಯಾಬಿನ್ನಿನಲ್ಲಿ ಎಣ್ಣೆ ಇಡುವುದು ನಿಯಮಕ್ಕೆ ವಿರುದ್ಧ. ಕುಮಗಾಯಿ ಎಂಥವನೆಂದರೆ ಕ್ಯಾಬಿನ್ನಿನಲ್ಲಿ ಬೆಂಕಿಕಡ್ಡಿ ಕಂಡರೂ ಅರ್ಧ ಗಂಟೆ ಪಾಠ ಮಾಡುವ ಆಸಾಮಿ. ನಾವು ಅವನನ್ನು ಕುಮಾಸಾನ್ ಎನ್ನುತ್ತಿದ್ದೆವು, ಅಂದರೆ ಕರಡಿಯಪ್ಪ. ನೋಡಲು ಮಾತ್ರ ಒಣಗಿದ ಮೂಲಂಗಿ. ಅವತ್ತು ಅವನು ಕ್ಯಾನುಗಳನ್ನು ನೋಡಿದ, ನಮ್ಮನ್ನು ನೋಡಿದ, ಸೊಂಟ ಬಗ್ಗಿಸಿ ನಮಸ್ಕರಿಸಿದ. ಆಮೇಲೆ ಹಗ್ಗದ ಗಂಟು ಸರಿಯಿಲ್ಲವೆಂದು ಬಿಚ್ಚಿ ತಾನೇ ಹೊಸದಾಗಿ ಬಿಗಿದ.

ಮಣ್ಣು ಮಾಡುವ ಕೆಲಸ ಮಾರನೆಯ ದಿನ ಸಂಜೆಯೊಳಗೆ ಮುಗಿಸುತ್ತಾರೆಂದು ಸುದ್ದಿ ಬಂದಿತ್ತು. ಅಷ್ಟರೊಳಗೆ ನಾವು ಅಲ್ಲಿರಬೇಕು. ಅಲ್ಲಿನ ಆಸ್ಪತ್ರೆಯ ಬಾಯ್ಲರಿಗೆಂದು ಟ್ಯಾಂಕರ್ ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಹೊರಟೆವು. ಘಾಟಿಯಲ್ಲಿ ಹಿಮ, ಇಳಿಜಾರಿನಲ್ಲಿ ಬಿರುಕು, ಅಲ್ಲಲ್ಲಿ ಪೆಟ್ರೋಲ್ ಮುಗಿದು ಬಿಟ್ಟುಹೋದ ಕಾರುಗಳು. ನಾನು ಓಡಿಸುವಾಗಲೆಲ್ಲ ಅವನು ಹಿಂದಕ್ಕೆ ಕೈ ಚಾಚಿ ಕ್ಯಾನಿನ ಮುಚ್ಚಳ ಮುಟ್ಟಿ ನೋಡುತ್ತಿದ್ದ. ತೊಟ್ಟಿಲು ಮುಟ್ಟಿ ನೋಡುವ ತಾಯಿಯ ಹಾಗೆ ಆಡಬೇಡ, ಅದೆಲ್ಲೂ ಹೋಗಲ್ಲ ಎಂದು ರೇಗಿಸಿದೆ. ಅವನು ಮತ್ತೊಮ್ಮೆ ಮುಟ್ಟಿ ನೋಡಿದ.

ಕಮಿಹಾಮದ ಚಿತಾಗಾರ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಇದೆ, ಗುಡ್ಡದ ತಿರುವಿನಲ್ಲಿ. ತಿರುವಿಗೆ ಬರುತ್ತಲೇ ಗಾಡಿ ನಿಲ್ಲಿಸಬೇಕಾಯಿತು. ಟ್ಯಾಂಕರಿನ ಸದ್ದು ಕೇಳಿ ಅಲ್ಲಿದ್ದವರೆಲ್ಲ ರಸ್ತೆಗೆ ಬಂದು ನಿಂತಿದ್ದರು. ಹತ್ತು ಹನ್ನೆರಡು ಜನ. ಕೆಲವರ ಕೈಯಲ್ಲಿ ಸಣ್ಣ ಡಬ್ಬ, ಸೋಡಾ ಬಾಟಲಿ, ಎಲ್ಲೆಲ್ಲಿಂದಲೋ ಬಸಿದು ತಂದ ಎಣ್ಣೆ. ಎಲ್ಲರಿಗಿಂತ ಮುಂದೆ ಒಲೆ ನೋಡಿಕೊಳ್ಳುವ ಶಿದಾ ಮುದುಕ, ಟೋಪಿ ತೆಗೆದು ಎದೆಗೆ ಹಿಡಿದಿದ್ದ. ಅವರೆಲ್ಲ ನಮ್ಮ ಗಾಡಿಗೆ ತಲೆ ಬಾಗಿಸಿದರು. ತಮಗೇ ಎಣ್ಣೆ ಬಂತು ಎಂದುಕೊಂಡಿದ್ದರು.

ಕುಮಗಾಯಿ ಇಳಿದು, ಇದು ಆಸ್ಪತ್ರೆಯದು, ವಾಲ್ವಿಗೆ ಸೀಲ್ ಹಾಕಿದೆ, ನನ್ನ ಕೈಯಲ್ಲಿಲ್ಲ ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳಿಕೊಂಡು ಹೇಳಿದ. ಯಾರೂ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು. ಹೌದಾ, ಹೌದಾ ಎಂದು ಹಿಂದೆ ಸರಿದು ದಾರಿ ಬಿಟ್ಟರು. ನಾನು ಅವನನ್ನು ಗಾಡಿಯ ಮರೆಗೆ ಎಳೆದುಕೊಂಡು ಹೋದೆ. ಒಂದಿಷ್ಟು ಬಿಟ್ಟುಕೊಡು, ಇಷ್ಟು ದೊಡ್ಡ ಟ್ಯಾಂಕಿನಲ್ಲಿ ಯಾರಿಗೆ ಗೊತ್ತಾಗುತ್ತೆ, ಸೀಲಿನ ಮಾತು ನಾನು ನೋಡಿಕೊಳ್ಳುತ್ತೇನೆ ಎಂದೆ.

"ಆಸ್ಪತ್ರೇಲಿ ಇರೋರು ಇನ್ನೂ ಉಸಿರಾಡ್ತಿದ್ದಾರೆ, ಒಯಿಕಾವ" ಎಂದು ನನ್ನ ಹೆಸರು ಹಿಡಿದು ಹೇಳಿದ. "ಇವರು ಕಾಯ್ತಾರೆ. ಅವರಿಗೆ ಕಾಯೋಕಾಗಲ್ಲ."

ಹಗ್ಗ ಬಿಚ್ಚಿ ಕ್ಯಾನುಗಳನ್ನು ಇಳಿಸಿದೆ.

ಶಿದಾ ಮುದುಕ ಮೂರು ಕ್ಯಾನುಗಳನ್ನು ನೋಡಿ ತುಟಿ ಕಚ್ಚಿಕೊಂಡ. ಅಲ್ಲಿ ನಮ್ಮ ಮುಠ್ಠಾಳತನ ಬಯಲಾಯಿತು. ಯಾವ ಟ್ಯಾಂಕಿಗೆ ಎಷ್ಟು ಹಿಡಿಸುತ್ತದೆ, ಯಾವ ಬಾಯ್ಲರ್ ಎಷ್ಟು ಕುಡಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳುವ ನಮಗೆ ಇದೊಂದು ಗೊತ್ತಿರಲಿಲ್ಲ. ಒಬ್ಬರಿಗೆ ಮೂರು ಕ್ಯಾನ್ ಸಾಕೆಂದು ಯಾರೋ ಹೇಳಿದ್ದನ್ನು ನಂಬಿಕೊಂಡು ಬಂದಿದ್ದೆವು. ಅದು ದಿನವೂ ಉರಿಯುವ ಒಲೆಯ ಲೆಕ್ಕವಂತೆ. ಇದು ಎಷ್ಟೋ ದಿನದಿಂದ ತಣ್ಣಗೆ ಬಿದ್ದಿದೆ, ಅದು ಕಾಯುವುದಕ್ಕೇ ನಿಮ್ಮ ಮೂರು ಕ್ಯಾನಲ್ಲಿ ಹೆಚ್ಚುಪಾಲು ಹೋಗುತ್ತೆ, ಮನುಷ್ಯರಿಗೆ ಏನೂ ಉಳಿಯಲ್ಲ ಎಂದ ಮುದುಕ. ಹೇಳುವಾಗ ಕುಮಗಾಯಿಯ ಮುಖ ನೋಡಲಿಲ್ಲ.

ಕುಮಗಾಯಿ ಆ ಕ್ಯಾನುಗಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಆಗ ಸೋಡಾ ಬಾಟಲಿ ಹಿಡಿದಿದ್ದ ಒಬ್ಬ ಮುದುಕಿ ಬಂದು ತನ್ನ ಬಾಟಲಿಯನ್ನು ಕ್ಯಾನಿನ ಪಕ್ಕ ಇಟ್ಟಳು. ಅವಳ ಗಂಡನೂ ಶಾಲೆಯ ಆ ಹಾಲಿನಲ್ಲಿ ಮಲಗಿದ್ದ.

"ಇದನ್ನೂ ಸೇರಿಸ್ಕೊಳ್ಳಪ್ಪ" ಎಂದಳು. "ಯಾರದಾದ್ರೂ ಒಬ್ಬರದ್ದು ಆಗ್ಲಿ."

ಅವಳ ಹಿಂದೆ ಇನ್ನೊಬ್ಬ ಡಬ್ಬ ಇಟ್ಟ. ಆಮೇಲೆ ಇನ್ನೊಬ್ಬ. ಮೂರು ದಿನ ಅಲೆದು ತಂದ ಎಣ್ಣೆಯನ್ನು ಗುರುತಿಲ್ಲದವನ ಹೆಂಡತಿಗೆ ಸುರಿದುಕೊಟ್ಟರು. ಕುಮಗಾಯಿ ಬೇಡ ಎಂದು ಕೈ ಮುಗಿದರೂ ಕೇಳಲಿಲ್ಲ. ಎಲ್ಲ ಸೇರಿಸಿದ ಮೇಲೆ ಶಿದಾ ಮುದುಕ ಅಳೆದು ನೋಡಿ, ಒಲೆ ಕಾಯಿಸಿ ಒಂದು ಶವದ ಪೆಟ್ಟಿಗೆ ಸುಡುವಷ್ಟಾಗುತ್ತದೆ, ಒಂದೇ ಒಂದು, ಹೋಗಿ ಕರೆದುಕೊಂಡು ಬನ್ನಿ ಎಂದ. ಆಗಲೇ ಒಲೆ ಹೊತ್ತಿಸಿದ. ಗುಡುಗುಡು ಸದ್ದು ಶುರುವಾಯಿತು. ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಒಲೆ ಕಾಯುವಷ್ಟರಲ್ಲಿ ಆಸ್ಪತ್ರೆಗೆ ಹೋಗಿ ಟ್ಯಾಂಕರ್ ಖಾಲಿ ಮಾಡಿದೆವು. ನಾನು ಮೊದಲೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಟ್ಯಾಂಕಿನ ಹಿಂಭಾಗದ ವಾಲ್ವನ್ನು ಸ್ವಲ್ಪ ಬೇಗ ಮುಚ್ಚಿ, ಮುಗಿಯಿತು ಎಂದೆ. ತಳದಲ್ಲಿ ಉಳಿದದ್ದು ಆ ಸೋಡಾ ಬಾಟಲಿಯ ಮುದುಕಿಗಾದರೂ ಆಗಲಿ ಎಂದು ನನ್ನ ಆಸೆ. ಕರಡಿಯಪ್ಪ ಬಿಡುತ್ತಾನೆಯೇ? ಏಣಿ ಹತ್ತಿ, ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ನೋಡಿದ. ಇಳಿದು ವಾಲ್ವ್ ತೆರೆದ, ಪೈಪನ್ನು ಹೆಗಲ ಮೇಲೆತ್ತಿಕೊಂಡು ಕೊನೆಯ ಹನಿಯವರೆಗೂ ಆಸ್ಪತ್ರೆಯ ಟ್ಯಾಂಕಿಗೆ ಬಸಿದ. ನನಗೆ ಮೈಯೆಲ್ಲ ಉರಿಯಿತು. ಈಗಲೂ ಹೇಳುತ್ತೇನೆ, ನಾನು ಮಾಡಿದ್ದು ತಪ್ಪಲ್ಲ.

ಹಾಲಿನೊಳಗೆ ಚಳಿ ಹೊರಗಿಗಿಂತ ಹೆಚ್ಚಾಗಿತ್ತು. ಅರ್ಧಕ್ಕರ್ಧ ಪೆಟ್ಟಿಗೆಗಳನ್ನು ಆಗಲೇ ಮಣ್ಣು ಮಾಡುವ ಹೊಲಕ್ಕೆ ಸಾಗಿಸಿದ್ದರು. ತೊಮೊಯೆಯನ್ನೂ ಪ್ಲೈವುಡ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಮೇಲೆ ಹೆಸರು ಬರೆದಿತ್ತು. ಕುಮಗಾಯಿ ಹತ್ತಿರ ಹೋಗಿ ನಿಂತುಬಿಟ್ಟ. ಅವಳ ತಲೆಯ ಕಡೆ ಕಾಗದದ ಲೋಟದಲ್ಲಿ ನೀರು ಇತ್ತು. ಹೊಸ ನೀರು. ಪಕ್ಕದಲ್ಲಿ ಅಂಗೈಯಷ್ಟು ಕಾಗದದ ಮೇಲೆ ಅನ್ನದ ಉಂಡೆಯ ಒಂದು ತುಣುಕು. ಅವಳಿಗೆ ನೀರಿಡುವವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಪಕ್ಕದ ಪೆಟ್ಟಿಗೆಯ ಹತ್ತಿರ ಒಬ್ಬ ಕೂತಿದ್ದ. ಮೂವತ್ತು ದಾಟಿರದ ಪ್ರಾಯ, ಯಾರೋ ಕೊಟ್ಟ ದೊಗಲೆ ಜಾಕೆಟ್. ಸಾಸಾಮೊರಿ ಎಂದು ಹೆಸರು, ದೋಣಿಯವನು. ನೀರು ಯಾರು ಇಟ್ಟಿದ್ದು ಎಂದು ಕುಮಗಾಯಿ ಕೇಳಿದ್ದಕ್ಕೆ ಅವನು ತಪ್ಪು ಮಾಡಿದವನ ಹಾಗೆ ಎದ್ದು ನಿಂತ. ತನ್ನವರಿಗೆ ಇಡುವಾಗ ಇವರಿಗೂ ಇಡುತ್ತಿದ್ದೆ, ಪಕ್ಕದಲ್ಲೇ ಇದ್ದರಲ್ಲ ಎಂದ. ದಿನಕ್ಕೊಂದು ಉಂಡೆ ಅನ್ನ ಹಂಚುತ್ತಿದ್ದ ಕಾಲ ಅದು. ಅದರಲ್ಲಿ ಮುರಿದು ತನ್ನವರಿಗೆ ಒಂದು ತುಣುಕು, ತೊಮೊಯೆಗೆ ಒಂದು ತುಣುಕು.

ತನ್ನವರು ಅಂದರೆ ಅವನ ಮಕ್ಕಳು, ಆರು ವರ್ಷದ ಹುಡುಗಿ ಮತ್ತು ಅವಳ ತಮ್ಮ. ಚಿಕ್ಕ ಪೆಟ್ಟಿಗೆಗಳು ಮುಗಿದುಹೋಗಿದ್ದವು. ಇಬ್ಬರನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅವನ ಹೆಂಡತಿ ಇನ್ನೂ ಸಿಕ್ಕಿರಲಿಲ್ಲ.

"ಎಣ್ಣೆ ಸಿಕ್ತಾ?" ಎಂದು ಅವನೇ ಕೇಳಿದ. ಕುಮಗಾಯಿ ಹೋದ ಸಲ ಹೆಂಡತಿಗೆ ಹೇಳಿದ ಮಾತು ಅವನ ಕಿವಿಗೂ ಬಿದ್ದಿರಬೇಕು.

"ಸಿಕ್ತು."

"ಒಳ್ಳೇದಾಯ್ತು" ಎಂದ ಸಾಸಾಮೊರಿ. ಹೊಟ್ಟೆಕಿಚ್ಚಿನ ಸುಳಿವೂ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಖುಷಿಪಟ್ಟ. ಪೆಟ್ಟಿಗೆ ಹೊರಗೆ ಸಾಗಿಸಲು ತಾನೂ ಕೈ ಕೊಡುತ್ತೇನೆ ಎಂದು ಜಾಕೆಟ್ಟಿನ ತೋಳು ಮೇಲೆತ್ತಿಕೊಂಡ.

ಕುಮಗಾಯಿ ಕೂತ. ನಗರಸಭೆಯ ಪಿಕಪ್ ಗಾಡಿಯವನು ಹೊರಗೆ ಹಾರ್ನ್ ಮಾಡಿದ. ನಾನು ಎರಡು ಸಲ ಹೆಸರು ಹಿಡಿದು ಕರೆದೆ. ಒಲೆ ಉರಿಯುತ್ತಿದೆ, ಎಣ್ಣೆ ಖರ್ಚಾಗುತ್ತಿದೆ ಎಂದೆ. ಅವನು ತೊಮೊಯೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಆ ಇನ್ನೊಂದು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಅವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಹೊಳೆಯಿತು.

"ಒಯಿಕಾವ, ಮಕ್ಕಳದನ್ನ ಹಿಡಿ" ಎಂದ.

ನಾನು ಸಿಟ್ಟಿಗೆದ್ದೆ. ಸತ್ತವರ ಮಧ್ಯೆ ದನಿ ಏರಿಸಬಾರದು ಎಂಬುದೂ ಮರೆತುಹೋಯಿತು.

"ಅದು ನಿನ್ನೊಬ್ಬನ ಎಣ್ಣೆ ಅಲ್ಲ. ನಮ್ಮತ್ತೆ ಅಲ್ಲಿ ನಡುಗ್ತಾ ಕೂತಿದ್ದಾಳೆ. ನಾವೆಲ್ಲ ಕೊಟ್ಟಿದ್ದು ತೊಮೊಯೆ ಅತ್ತಿಗೆಗೆ. ದಾನ ಮಾಡೋಕೆ ನೀನ್ಯಾರು?"

"ಗೊತ್ತು."

"ಅತ್ತಿಗೆಗೆ ಏನು ಹೇಳ್ತೀಯ?"

ಅವನು ನನಗಲ್ಲ, ನೆಲಕ್ಕೆ ಹೇಳುವವನ ಹಾಗೆ ಹೇಳಿದ.

"ಮಣ್ಣೊಳಗೆ ಕತ್ಲು ಕಣೋ. ಮಕ್ಳು ಹೆದರ್ಕೋತಾವೆ."

ಸಾಸಾಮೊರಿಗೆ ಆಗ ಅರ್ಥವಾಯಿತು. ಬೇಡ, ಬೇಡ, ಹಾಗೆಲ್ಲ ಮಾಡಬಾರದು, ನಾನು ಅದಕ್ಕೆ ನೀರಿಟ್ಟದ್ದಲ್ಲ ಎಂದು ಹಿಂದೆ ಹಿಂದೆ ಸರಿದ. ಗೋಡೆಗೆ ತಾಗಿದ ಮೇಲೆ ಅಲ್ಲೇ ಕುಸಿದು, ಹಣೆ ನೆಲಕ್ಕೆ ಹಚ್ಚಿ ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ನನ್ನ ಸಿಟ್ಟು ಇಳಿಯಲಿಲ್ಲ, ಆದರೂ ಪೆಟ್ಟಿಗೆಯ ಒಂದು ತುದಿ ಹಿಡಿದೆ. ಇಬ್ಬರು ಮಕ್ಕಳಿದ್ದರೂ ತೊಮೊಯೆಯ ಪೆಟ್ಟಿಗೆಗಿಂತ ಹಗುರ.

ಚಿತಾಗಾರದ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದೆವು. ಶಿದಾ ಮುದುಕ ಪೆಟ್ಟಿಗೆಯ ಮೇಲಿನ ಎರಡು ಹೆಸರು ಓದಿ ಕುಮಗಾಯಿಯನ್ನು ಒಮ್ಮೆ ನೋಡಿದ, ಟೋಪಿ ತೆಗೆದ. ಸೋಡಾ ಬಾಟಲಿಯ ಮುದುಕಿ ಬಾಯಿಗೆ ಸೆರಗಿನ ಹಾಗೆ ಕೈಚೌಕ ಒತ್ತಿಕೊಂಡಳು. ಎಣ್ಣೆ ಸರಿಯಾಗಿ ಸಾಕಾಯಿತು. ಒಲೆ ಆರಿದ ಮೇಲೆ ಶಿದಾ ಮುದುಕ ತಟ್ಟೆಯನ್ನು ಹೊರಗೆ ಎಳೆದ.

ಸುಟ್ಟ ಮೇಲೆ ಮೂಳೆ ಎತ್ತುವುದಕ್ಕೆ ಇಬ್ಬರು ಬೇಕು. ಒಂದೊಂದು ಮೂಳೆಯನ್ನೂ ಮನೆಯವರಿಬ್ಬರು ಎದುರುಬದುರು ನಿಂತು, ಉದ್ದದ ಕಡ್ಡಿಗಳಲ್ಲಿ ಒಟ್ಟಿಗೆ ಹಿಡಿದು ಕುಡಿಕೆಗೆ ಇಡಬೇಕು. ಒಬ್ಬರೇ ಎತ್ತುವ ಹಾಗಿಲ್ಲ. ಸಾಸಾಮೊರಿ ಕಡ್ಡಿ ಹಿಡಿದುಕೊಂಡು ಎದುರಿನ ಖಾಲಿ ಜಾಗ ನೋಡುತ್ತ ನಿಂತ. ಅವನ ಮನೆಯಲ್ಲಿ ಎರಡನೆಯವರು ಇರಲಿಲ್ಲ. ಕುಮಗಾಯಿ ಹೋಗಿ ಅಲ್ಲಿ ನಿಂತ. ಹೆಂಡತಿಯ ಮೂಳೆ ಎತ್ತಬೇಕೆಂದು ಬೆಟ್ಟ ದಾಟಿ ಬಂದವನು ಬೇರೆಯವರ ಮಕ್ಕಳ ಮೂಳೆ ಎತ್ತಿದ. ಯಾವುದು ಅಕ್ಕನದು, ಯಾವುದು ತಮ್ಮನದು ಎಂದು ಬೇರೆ ಮಾಡಿಕೊಡಲೇ ಎಂದು ಶಿದಾ ಮುದುಕ ಮೆಲ್ಲಗೆ ಕೇಳಿದ. ಒಂದೇ ಕುಡಿಕೆ ಸಾಕು, ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು ಎಂದ ಸಾಸಾಮೊರಿ. ಕಡ್ಡಿ ನಡುಗಿ ಮೂಳೆ ಜಾರುವ ಹಾಗಾದಾಗಲೆಲ್ಲ ಕುಮಗಾಯಿ ತನ್ನ ಕಡೆಯಿಂದ ಬಿಗಿ ಹಿಡಿಯುತ್ತಿದ್ದ. ಅಂಥ ಗಟ್ಟಿ ಕೈ ಅವನದು.

ಹೊಲ ಊರಾಚೆ ಇತ್ತು. ನಾವು ಹೋಗುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಮೂಲಂಗಿ ಬೆಳೆಯುತ್ತಿದ್ದ ನೆಲದಲ್ಲಿ ಉದ್ದಕ್ಕೆ ಕಾಲುವೆಯಂತೆ ತೋಡಿ, ಒಳಗೆ ಒಬ್ಬೊಬ್ಬರಿಗೂ ಹಲಗೆಯ ಗಡಿ ಮಾಡಿದ್ದರು. ಹುಡುಗು ಪ್ರಾಯದ ಸೈನಿಕರು ತೊಮೊಯೆಯ ಪೆಟ್ಟಿಗೆಯನ್ನು ನಿಧಾನವಾಗಿ ಇಳಿಸಿ ಸೆಲ್ಯೂಟ್ ಹೊಡೆದರು. ತಳದಲ್ಲಿ ಹಿಮ ಕರಗಿದ ನೀರು ನಿಂತಿತ್ತು. ಪೆಟ್ಟಿಗೆ ತಾಗಿದಾಗ ಪಚ್ ಎಂದು ಸದ್ದಾಯಿತು. ಆ ಸದ್ದು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಸಾಸಾಮೊರಿ ಕುಡಿಕೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡು ನಮ್ಮ ಹಿಂದೆ ನಿಂತಿದ್ದ. ಕುಮಗಾಯಿ ಗುಂಡಿಯ ಅಂಚಿನಲ್ಲಿ ಕೂತ. ಅವನ ಮುಖ ಅಷ್ಟೂ ದಿನ ಕಲ್ಲಿನ ಹಾಗಿತ್ತು, ಆಗ ಒಡೆಯಿತು.

"ತೊಮೊಯೆ, ತಂದಿದ್ದೆ ಕಣೇ" ಎಂದ. "ಎಣ್ಣೆ ತಂದಿದ್ದೆ."

ಸೈನಿಕರು ಸಲಿಕೆ ಹಿಡಿದುಕೊಂಡು ಬೇರೆ ಕಡೆ ನೋಡುತ್ತ ನಿಂತರು. ಅವನು ನನ್ನ ಪ್ಯಾಂಟಿನ ತುದಿ ಹಿಡಿದು ಜಗ್ಗಿದ.

"ನೀನು ಹೇಳೋ. ನನ್ನ ಮಾತು ಅವಳು ನಂಬಲ್ಲ. ಏನೇ ತಾ ಅಂದ್ರೂ ಮರ್ತು ಬರ್ತಿದ್ದೆ, ಯಾವಾಗ್ಲೂ ಬೈಸ್ಕೋತಿದ್ದೆ. ಇದನ್ನೂ ಮರ್ತುಬಿಟ್ಟ ಅಂದ್ಕೋತಾಳೆ."

ಬೆಳಗಿನಿಂದ ಅವನ ಮೇಲೆ ಕುದಿಯುತ್ತಿದ್ದ ನಾನು ಅವನ ಪಕ್ಕದಲ್ಲೇ ಮಂಡಿಯೂರಿದೆ. ಒದ್ದೆ ಮಣ್ಣು ಪ್ಯಾಂಟಿನೊಳಗೆ ತಣ್ಣಗೆ ಇಳಿಯಿತು. ಪೆಟ್ಟಿಗೆಯ ಮೇಲಿದ್ದ ಹೆಸರು ನೋಡುತ್ತ, ದೊಡ್ಡ ದನಿಯಲ್ಲೇ ಹೇಳಿದೆ.

"ತಂದಿದ್ದ ಅತ್ತಿಗೆ. ಮೂರು ಕ್ಯಾನ್ ತಂದಿದ್ದ. ನಾನು ಜೊತೇಲೇ ಇದ್ದೆ. ಈ ಸಲ ಮರೀಲಿಲ್ಲ."

ಕುಮಗಾಯಿ ಹೌದು ಹೌದು ಎಂದು ತಲೆಯಾಡಿಸಿದ. ಸೈನಿಕರು ಮಣ್ಣು ಎಳೆಯಲು ಶುರುಮಾಡಿದರು.